ನೀಲಿ ಬಾಗಿಲಿನ ಮುಂದಿನ ಸ್ಟೂಲು

ನವೆಂಬರ್ 6, ಗುರುವಾರ

ಬ್ಲಾಗಿನಲ್ಲಿ ಸಾಸವಡ ಊರಿನ ಪೋಸ್ಟ್ ಹಾಕಿ ಒಂಬತ್ತು ದಿನ. ನೋಡಿದ್ದು ಹತ್ತೊಂಬತ್ತು ಸಲ. ಅದರಲ್ಲಿ ಅಮ್ಮ ಎರಡು ಸಲ, ನಾನೇ ಐದು ಸಲ. ಊಟದ ಹೊತ್ತಿಗೆ ಅಭಿಲಾಷನಿಗೆ ತೋರಿಸಿದೆ. ಪುಣೆಯ ಈ ಆಫೀಸಿನಲ್ಲಿ ನನ್ನ ಬಿಟ್ಟರೆ ಕನ್ನಡದವನು ಅವನೊಬ್ಬನೇ, ಕ್ಯಾಮೆರಾ ಹುಚ್ಚು ಬೇರೆ.

"ಬರೆದಿರೋದು ಚೆನ್ನಾಗಿದೆ ನಿಖಿತಾ. ಫೋಟೋ ನೋಡಿದ್ರೆ ಜನ ಓಡಿಹೋಗ್ತಾರೆ ಅಷ್ಟೆ. ಫ್ರೇಮ್ ತುಂಬಾ ಕಸ ಕಣೆ. ವೈರು, ಸ್ಕೂಟರು, ಜನ. ಕಸ ತೆಗಿ, ಬ್ಲಾಗ್ ತಾನಾಗೇ ಏಳುತ್ತೆ."

ಸಿಟ್ಟು ಬಂತು. ಹೌದಲ್ಲ ಅಂತಲೂ ಅನ್ನಿಸಿತು.

ನವೆಂಬರ್ 8, ಶನಿವಾರ, ಸಂಜೆ

ಕ್ಯಾಂಪ್ ಪೇಟೆಯ ಗಲ್ಲಿಗಳಲ್ಲಿ ಅಲೆದು ಕಾಲು ಬಿದ್ದುಹೋಗಿದೆ. ಆದರೆ ಸಿಕ್ಕಿತು! ಹಳೇ ಕಂಬಳಿ-ಚಾದರದ ಅಂಗಡಿ. ಬಣ್ಣ ಏಳುತ್ತಿರುವ ನೀಲಿ ಬಾಗಿಲು, ಅದರ ಮೇಲೆ ಇಳಿಬಿಸಿಲು. ಮುಂದೆ ಸ್ಟೂಲಿನ ಮೇಲೆ ಮುದುಕರೊಬ್ಬರು. ನಾನು ಅಮ್ಮನ ಜೊತೆ ಫೋನಿನಲ್ಲಿ ಕನ್ನಡ ಮಾತಾಡಿದ್ದು ಅವರ ಕಿವಿಗೆ ಬಿದ್ದಿತ್ತು.

"ಯಾ ಊರು ತಂಗಿ?"

"ಮೈಸೂರು ಅಂಕಲ್."

"ನಾವು ಗದಗದವ್ರು. ನಿಜಲಿಂಗಪ್ಪ ಅಂತ. ನಲವತ್ತು ವರ್ಷಾತು ಈ ಬಾಗಲಾಗ ಕುಂತು. ಚಹಾ ಕುಡದು ಹೋಗು."

ಬ್ಲಾಗ್ ಅಂದರೆ ಏನೆಂದು ಹೇಳಿದೆ. ಕೇಳಿದ್ದೇ ಒಳಗೆ ಹೋಗಿ ಟೋಪಿ ಹಾಕಿಕೊಂಡು ಬಂದರು. ಕೊರಳ ಗುಂಡಿ ಹಾಕಿಕೊಂಡು ಸ್ಟೂಲಿನ ಮೇಲೆ ಕೂತರು, ಫೋಟೋ ತೆಗೆದೆ. ಊರಲ್ಲಿ ತಂಗಿ ಶಿವಬಸವ್ವ ಇದ್ದಾರಂತೆ, ಮೊಣಕಾಲು ನೋವು, ಪುಣೆ ಕಂಡೇ ಇಲ್ಲ.

"ಅಣ್ಣನ ಅಂಗಡಿ ಆಕಿ ನೋಡೇ ಇಲ್ಲ. ಮಗಾ ಮಾಂತುಗ ಫೋಟೋ ತಗದು ಕಳಸೋ ಅಂದ್ರ, ಇದೇನು ತಾಜಮಹಲೇನು ಅಂತಾನ. ನಾ ಬಂದೀನೇನವಾ ಫೋಟೋದಾಗ?"

"ಚೆನ್ನಾಗಿ ಬಂದಿದ್ದೀರ ಅಂಕಲ್."

ಬ್ಲಾಗಿನ ಹೆಸರನ್ನು ಬಿಲ್ಲಿನ ಹಿಂದೆ ಬರೆಸಿಕೊಂಡರು.

ನವೆಂಬರ್ 9, ಭಾನುವಾರ

ಎಡಿಟಿಂಗ್. ಫೋನಿನ ಇರೇಸರ್ ಮಾಯಾಜಾಲ — ಬೆರಳಲ್ಲಿ ಉಜ್ಜಿದರೆ ಮುಗಿಯಿತು. ವೈರು ಹೋಯಿತು. ಸ್ಕೂಟರು ಹೋಯಿತು. ನಿಜಲಿಂಗಪ್ಪನವರ ಬಿಳಿ ಅಂಗಿ ಬಾಗಿಲಿನ ನೀಲಿಯನ್ನೇ ತಿನ್ನುತ್ತಿತ್ತು... ಉಜ್ಜಿದೆ. ಸ್ಟೂಲು ಮಾತ್ರ ಉಳಿಸಿದೆ. ಎಷ್ಟು ಚೆಂದ! ಬ್ಲಾಗಿಗೆ ಹಾಕಿದೆ. ಫೋನಿನಲ್ಲಿ ಜಾಗವಿಲ್ಲ, ಮೊದಲಿನದನ್ನೆಲ್ಲ ಡಿಲೀಟ್ ಮಾಡಿದೆ.

ಬಿಲ್ಲಿನ ಹಿಂದೆ ಬರೆದದ್ದು ಇಷ್ಟೊತ್ತಿಗೆ ಕಳೆದಿರುತ್ತದೆ ಬಿಡು.

ನವೆಂಬರ್ 14, ಶುಕ್ರವಾರ

ಸಾವಿರ ದಾಟಿತು!! 'ಎಂಥ ಪ್ರಶಾಂತ ಜಾಗ' ಅಂತ ಯಾರೋ ಬರೆದಿದ್ದಾರೆ. ಕ್ಯಾಂಪ್‌ನಲ್ಲಿ ಶನಿವಾರ ಸಂಜೆ ಪ್ರಶಾಂತವಂತೆ. ನಕ್ಕೆ. ಅಭಿಲಾಷನಿಗೆ ಸಮೋಸ ಕೊಡಿಸಿದೆ.

ನವೆಂಬರ್ 16, ಭಾನುವಾರ

ಬೆಳಿಗ್ಗೆ ಹೊಸ ಕಾಮೆಂಟ್. ಮಾಂತು. 'ಮೇಡಂ, ಫೋಟೋದಾಗ ನಮ್ಮ ಅಪ್ಪ ಎಲ್ಲಿ? ಟೋಪಿ ಹಾಕ್ಕೊಂಡು ಕುಂತಿದ್ದೆ ಅಂತಾರ. ಖಾಲಿ ಸ್ಟೂಲು ನೋಡಿ ಗದಗದಿಂದ ಅತ್ತಿ ಅಂಜಿ ಫೋನ್ ಮಾಡಿದ್ರು, ಅಣ್ಣ ಹೆಂಗದಾನ ಅಂತ ಅತ್ತರು.'

ನಾಲ್ಕು ಸಲ ಓದಿದೆ. ಡಿಲೀಟ್ ಮಾಡಿದೆ. ಅದನ್ನೂ.

ನವೆಂಬರ್ 17, ಸೋಮವಾರ

ಅಭಿಲಾಷ ಕೇಳಿದ, "ಏನೇ, ಮುಖ ಒಂಥರಾ ಇದೆ?" ಅಷ್ಟಕ್ಕೇ ರೇಗಿ ಬಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ನವೆಂಬರ್ 27, ಗುರುವಾರ

ಹತ್ತು ದಿನ ಏನೂ ಬರೆಯಲಿಲ್ಲ. ಮೊದಲಿನ ಫೋಟೋ ಫೋನಿನಲ್ಲೆಲ್ಲ ಹುಡುಕಿದೆ. ಇಲ್ಲ. ಪೋಸ್ಟ್ ತೆಗೆಯಬಹುದು, ತೆಗೆದಿಲ್ಲ. ಇನ್ನೂ ಜನ ನೋಡುತ್ತಿದ್ದಾರೆ. ನನ್ನ ಮೇಲೆ ನನಗೇ ಹೇಸಿಗೆ. ಅವರ ಚಹಾ ಕುಡಿದು, ಅವರನ್ನೇ ಕಸದ ಲೆಕ್ಕಕ್ಕೆ ಸೇರಿಸಿದೆ.

ಶನಿವಾರ ಹೋಗಬೇಕು. ಹೊಸದಾಗಿ ತೆಗೆದು, ಅವರನ್ನು ಮಧ್ಯದಲ್ಲಿ ಕೂರಿಸಿ ಹಾಕಬೇಕು. ಅಳಿಸಿದ್ದು ನಾನೇ ಅಂತ ಬಾಯಿ ಬಿಟ್ಟು ಹೇಳಬೇಕು.

ನವೆಂಬರ್ 29, ಶನಿವಾರ, ಸಂಜೆ 6

ಹೋಗಿಬಂದೆ. ಗಲ್ಲಾಪೆಟ್ಟಿಗೆಯ ಹತ್ತಿರ ಇದ್ದ ಮಗ ಮಾಂತು, ಬ್ಲಾಗಿನಲ್ಲಿರುವ ನನ್ನ ಚಿತ್ರದಿಂದ ಗುರುತು ಹಿಡಿದ. "ಓಣಿ ಮಂದಿನೆಲ್ಲಾ ಕರದು ತೋರಿಸಿದ್ರು ಅಪ್ಪ, ನನ್ನ ಫೋಟೋ ಬಂದದ ಅಂತ. ಎಲ್ಲಾರೂ ನಕ್ಕರು."

ನಿಜಲಿಂಗಪ್ಪನವರು ಸ್ಟೂಲಿನ ಮೇಲೇ ಇದ್ದರು. ಇವತ್ತು ಟೋಪಿ ಇಲ್ಲ. "ಅಂಕಲ್, ಇನ್ನೊಂದು ಫೋಟೋ ತೆಗೀತೀನಿ" ಅಂದೆ. ಹೇಳಬೇಕಿದ್ದನ್ನು ಬಿಟ್ಟು ಅದನ್ನೇ ಅಂದೆ. ಫೋನ್ ಎತ್ತಿದೆ.

ಅವರು ಮೆಲ್ಲಗೆ ಎದ್ದರು. ಸ್ಟೂಲನ್ನು ಬಾಗಿಲಿನ ಮುಂದೆ ನೆಟ್ಟಗೆ ಇಟ್ಟರು. ಪಕ್ಕದ ಅಂಗಡಿಯ ಮೆಟ್ಟಿಲವರೆಗೆ ಸರಿದು ನಿಂತರು. ನೆರಳು ಬೀಳುತ್ತಿದೆಯೇ ಎಂದು ನೋಡಿಕೊಂಡು ಇನ್ನೊಂದು ಹೆಜ್ಜೆ ಹಿಂದೆ ಹೋದರು.

"ಹಾಂ, ಈಗ ತಗೀರಿ. ಭಾಳ ಚಂದ ಬರ್ತದ."

ಕುಹಕವಿರಲಿಲ್ಲ. ನಿಜಕ್ಕೂ ನನಗೆ ಅನುಕೂಲವಾಗಲಿ ಅಂತಲೇ ಅಂದರು. ತಂಗಿ ಅನ್ನಲಿಲ್ಲ.

"ಇಲ್ಲ ಅಂಕಲ್, ಕೂತ್ಕೊಳ್ಳಿ. ಅವತ್ತು ಫೋಟೋದಲ್ಲಿ ನೀವು ಬಂದಿದ್ರಿ. ನಾನೇ ನಿಮ್ಮನ್ನ ಅಳಿಸಿದ್ದು."