ನೂರಾ ಅರವತ್ತೈದರ ಕಲ್ಲು

ಕಮಲಾಪುರ
19 ಜನವರಿ 2025

ಗೆಳೆಯ ಚಾಂದಪಾಶಾ,

ದತ್ತಪ್ಪನ ಜೈ ಭೀಮ್, ಸಲಾಂ. ನಿನ್ನ ಪತ್ರ ಬಂದು ಮೂರು ತಿಂಗಳಾತು. ಜವಾಬ ಬರೀಲಿಲ್ಲಂತ ಸಿಟ್ಟಾಗಬ್ಯಾಡ. ಬರೀಲಿಕ್ಕೆ ಒಂದು ಸುದ್ದಿ ಬೇಕಾಗಿತ್ತು, ಅದು ಮೊನ್ನೆ ಸಿಕ್ತು. ಕಣ್ಣು ಪೂರ್ತಿ ಮಂಜಾಗ್ಯಾವ ಅಂತ ಬರಸಿದ್ದಿ. ಹಂಗಾದ್ರ ಇದನ್ನ ನಿನ್ನ ಮಗಳು ಅಫ್ರೀನ್ ಓದ್ತಾಳ. ಜೋರಾಗಿ ಓದು ಬೇಟಿ, ಒಂದು ಸಾಲೂ ಬಿಡಬ್ಯಾಡ. ಸಹಿ ಆದಮ್ಯಾಲಿಂದೂ ಓದು.

ಇಲ್ಲಿ ಎಲ್ಲಾರೂ ಆರಾಮ. ನಮ್ಮಾಕಿ ಗುಂಡಮ್ಮನ ಮೊಣಕಾಲು ನೋವು ಹಂಗೇ ಅದ, ಬೈಯೋದೂ ಹಂಗೇ ಅದ. ಮಗಳು ಗೌತಮಿ ಇಲ್ಲೇ ಹೈಸ್ಕೂಲಿನ್ಯಾಗ ಗಣಿತ ಕಲಸ್ತಾಳ. ನಮ್ಮೂರ ಕೆಂಬಾಳಿ ಹಣ್ಣು ಈ ಸಲ ಚಲೋ ಬಂದದ, ಕಲಬುರಗಿ ರೋಜಾ ಓಣ್ಯಾಗಿನ ನಿಮ್ಮ ಮನಿಗಿ ಒಂದು ಡಜನ್ ಕಳಸ್ತೀನಿ.

ಈಗ ಸುದ್ದಿ. ವೇದವ್ಯಾಸರಾವನ ಮಾರಿಗಿ ಮಸಿ ಬಳದೆ ನೋಡು! ಕಮಲಾಪುರದಾಗ, ಇನ್ನೂರು ಹುಡುಗ್ರ ಮುಂದ.

ಅಫ್ರೀನಗ ಗೊತ್ತಿಲ್ಲ, ಆಗ ಭಾಳ ಸಣ್ಣಾಕಿ. ಮೊದಲಿಂದ ಹೇಳ್ತೀನಿ ಕೇಳವಾ. ನಾನು, ನಿಮ್ಮ ಅಪ್ಪ ಕೂಡಿ ಹೈವೇ ಕಲ್ಲಿಗಿ ಬಣ್ಣ ಹಚ್ಚತಿದ್ದೆವು. ಅಂವ ಹಳದಿ ಬಳೀತಿದ್ದ, ನಾ ಕರೀ ಅಂಕಿ ಬರೀತಿದ್ದೆ. ಹನ್ನೆರಡು ವರ್ಷದ ಹಿಂದ ದೇಶದ ರಸ್ತಾಗಳ ನಂಬರ್ ಎಲ್ಲಾ ಬದಲಿ ಆದವು. ಕಮಲಾಪುರದ ಮ್ಯಾಲಿಂದ ಹೋಗೋ ನಮ್ಮ 218 ಹೋಗಿ 50 ಆತು. ಊರೂರು ತಿರುಗಿ ಬರಕೋತ ಬರಕೋತ ನನಗೊಂದು ಮಜಾ ತಿಳೀತು. ನಕಾಶಾದಾಗ ಮ್ಯಾಲಿಂದ ತೆಳಗ ಹೋಗೋ ದೊಡ್ಡ ರಸ್ತಾಕ್ಕೆಲ್ಲಾ ಸಮಸಂಖ್ಯಾ. ಹೈದ್ರಾಬಾದದಾಗ 44, ನಮ್ಮದು 50, ಸೋಲಾಪುರದ ಕಡಿ 52, ಸಮುದ್ರದ ದಂಡಿಗಿ 66. ಅಡ್ಡ ಹೋಗೋದಕ್ಕೆಲ್ಲಾ ಬೆಸ. ಹುಮನಾಬಾದದಾಗ 65, ಹೊಸಪೇಟ್ಯಾಗ 67, ಬೆಂಗಳೂರಿನ್ಯಾಗ 75. ಇನ್ನ ಮೂರು ಅಂಕಿ ಅಂದ್ರ ಮಕ್ಕಳು. ಹಿಂದಿನ ಎರಡು ಅಂಕಿ ತಾಯಿದು, ಮುಂದಿಂದು ಎಷ್ಟನೇ ಕೂಸು ಅಂತ. 50ಕ್ಕ ಹುಟ್ಟಿದ್ದು 150, 250, 350. ಹುಮನಾಬಾದ ಕ್ರಾಸಿನ್ಯಾಗ ಚಾ ಕುಡಕೋತ ನಿಮ್ಮ ಅಪ್ಪಗ ಇದನ್ನ ಹೇಳಿದಾಗ, "ಅರೆ ದತ್ತೂ, ನೀ ಇಂಜಿನೇರ್ ಆಗಬೇಕಾಗಿತ್ತಲೇ" ಅಂದಿದ್ದ. ಆ ಮಾತು ನಾ ಭಾಳ ದಿನ ಕಟಗೊಂಡು ತಿರುಗಿದೆ.

ವೇದವ್ಯಾಸರಾವ ನಮ್ಮ ಗುತ್ತೇದಾರನ ಸೂಪರ್‌ವೈಜರ್. ಕಲಬುರಗಿಯಿಂದ ಶಹಾಬಾದ ಕಡಿ ಹೋಗೋ ರಸ್ತಾಕ್ಕ 165 ಅಂತ ಚೀಟಿ ಬರದು ಕೊಟ್ಟ. ನಾ ಅಂದೆ, "ಸಾಹೇಬ್ರ, ಇದು 50ರ ಕೂಸು ಅದರೀ. 165 ಅಂದ್ರ 65ರ ಕೂಸಾಗ್ತದ, ಅದು ಅತ್ತ ಆಂಧ್ರದಾಗ ಇರಬೇಕು." ಅವನಿಗಿ ಮೆಣಸಿನಕಾಯಿ ತಿಂದಂಗ ಆತು. "ನೀ ಬ್ರಷ್ ಹಿಡಿಯಾಂವ, ಬ್ರಷ್ ಹಿಡಿ. ತಲಿ ನಾ ಓಡಸ್ತೀನಿ" ಅಂದ. ಮೂವತ್ತೆಂಟು ಕಲ್ಲಿಗಿ 165 ಬರದೆ.

ದೊಡ್ಡ ಸಾಹೇಬ್ರು ಜೀಪಿನ್ಯಾಗ ಬಂದ್ರು, ನೋಡಿದ್ರು, ಬೆಂಕಿ ಆದ್ರು. ವೇದವ್ಯಾಸರಾವ ನನ್ನ ಕಡಿ ಬೊಟ್ಟು ಮಾಡಿ, "ಇಂವಗ ಅಕ್ಷರಾನೇ ಬರಂಗಿಲ್ಲರೀ ಸರ್. ಚೀಟಿದಾಗ 150 ಬರದು ಕೊಟ್ಟಿದ್ದೆ" ಅಂದ. ಏಳನೇತ್ತಾ ಓದಿದಾಂವ ನಾನು! ಅಲ್ಲೇ ಬ್ರಷ್ ಕಸಗೊಂಡು ಮನಿಗಿ ಅಟ್ಟಿದ್ರು. ಕಲ್ಲು ಕೀಳಲಿಲ್ಲ, ನಿಂತಲ್ಲೇ ಅಳಿಸಿ ಮರುದಿನ 150 ಬರಸಿದ್ರು. ಆಮ್ಯಾಲ ಒಂದು ಅಂಗಡಿ ಬೋರ್ಡೂ ನನಗ ಯಾರೂ ಕೊಡಲಿಲ್ಲ. ಬಾಳಿಗೊನಿ ಹೊತ್ತು ದಿನ ಕಳದೆ. ಆಗ ಶಾಲಿ ಕಲೀತಿದ್ದ ಗೌತಮಿಗಿ ಕ್ಲಾಸಿನ್ಯಾಗ, "ನಿಮ್ಮ ಅಪ್ಪಗ ಅಂಕಿ ತಿಳಿಯಂಗಿಲ್ಲಂತಲ್ಲ" ಅಂತ ಕಾಡತಿದ್ರು. ಆಕಿ ಗಣಿತಾನೇ ಯಾಕ ಹಿಡದಳು ಅಂತ ನಾ ಎಂದೂ ಕೇಳಿಲ್ಲ.

ಆದ್ರ ಒಂದು ಸಂಗತಿ ಅಂವ ಮರ್ತಿದ್ದ, ನಾ ಮರ್ತಿದ್ದಿಲ್ಲ. ಕೂಲಿಯವ್ರು ಈ ರಸ್ತಾದ ಕಲ್ಲು ಆ ರಸ್ತಾಕ್ಕ ನೆಡಬಾರದಂತ, ನೆಡೋದಕ್ಕಿಂತ ಮುಂಚೆ ಪ್ರತಿ ಕಲ್ಲಿನ ಬುಡದಾಗ ಅಂವ ತಾನೇ ಮೊಳಿ ತಗೊಂಡು ನಂಬರ್ ಕೆರದು, ಪಕ್ಕದಾಗ 'ವೇ.ರಾ.' ಅಂತ ಗೀಚತಿದ್ದ. ಅದು ಮಣ್ಣಿನ್ಯಾಗ ಹೋಗೋ ಭಾಗ. ಸರಕಾರದ ಕಲ್ಲು ಅಗದು ನೋಡವ್ರು ಯಾರು? ಕಾದೆ. ಇವತ್ತಲ್ಲ ನಾಳೆ ರಸ್ತಾ ಅಗಲ ಮಾಡ್ತಾರ ಅಂತ ಕಾದೆ.

ದೀಪಾವಳಿ ಮುಂದ ನನ್ನ ಅಳಿಯ ಸುಧಾಕರ ಬಂದು, "ಮಾಮಾ, ಶಹಾಬಾದ ರಸ್ತಾದ ಕಲ್ಲು ಕಿತ್ತು ದಂಡಿಗಿ ಒಗದಾರ" ಅಂದ. ಅವನ ಟೆಂಪೋದಾಗೇ ಹೋಗಿ ಒಂದು ಹೇರಿಕೊಂಡು ಬಂದೆ. ಬುಡ ಒಂಚೂರು ಕೆರದು ನೋಡ್ದೆ. ನೋಡಿ, ಹಂಗೇ ಮಣ್ಣು ಮೆತ್ತಿ ಗೋಣಿಚೀಲ ಹೊಚ್ಚಿಟ್ಟೆ.

ಈಗ ವೇದವ್ಯಾಸರಾವ ಕಲಬುರಗಿಯ ಐವಾನ್-ಎ-ಶಾಹಿ ಬಡಾವಣ್ಯಾಗ ಮನಿ ಕಟ್ಟಿಸಿ ದೊಡ್ಡ ಮನಷ್ಯಾ ಆಗ್ಯಾನ. ಶಾಲಿ ಶಾಲಿಗಿ ಹೋಗಿ 'ರಸ್ತೆ ಸಂಖ್ಯೆಗಳ ಗುಟ್ಟು' ಅಂತ ಭಾಷಣ ಹೊಡೀತಾನ. ಹೋದ ಶುಕ್ರವಾರ ಗೌತಮಿ ಶಾಲಿಗಿ ಬಂದಿದ್ದ. ಸುಧಾಕರನ ಟೆಂಪೋದಾಗ ಕಲ್ಲು ಹೇರಿ ತಂದು ಹೊರಗ ನಿಲ್ಲಿಸಿ, ನಾ ಹಿಂದಿನ ಬೆಂಚಿನ ಮ್ಯಾಲ ಕುಂತೆ. ತಾಯಿ, ಕೂಸು, ಸಮ, ಬೆಸ, ನನ್ನ ಮಾತು ನನ್ನ ಕಿವಿಗೇ ಬಡಿಯಾಕತ್ತಿತ್ತು. "ಇದು ನಾನು ಸ್ವತಃ ಕಂಡುಕೊಂಡದ್ದು" ಅಂದ. ಅಬಬಾ, ಏನು ಧೈರ್ಯ!

ಎದ್ದು ನಿಂತೆ. "ಸಾಹೇಬ್ರ, ಶಹಾಬಾದ ರಸ್ತಾಕ್ಕ ಯಾರರೆ 165 ಅಂತ ಬರದಿದ್ರ ಏನಂತೀರಿ?"

ಗುರ್ತು ಹಿಡೀಲಿಲ್ಲ ಅಂವ. ನಕ್ಕು, "ಅಕ್ಷರ ಬರಲಾರದಾಂವ ಬರದಿರಬೇಕು" ಅಂದ. ಹುಡುಗ್ರು ನಕ್ಕರು.

"ಹಂಗಾದ್ರ ಹೊರಗ ಬರ್ರಿ" ಅಂದೆ. ಟೆಂಪೋದಾಗಿನ ಗೋಣಿಚೀಲ ತಗದು ಕಲ್ಲಿನ ಬುಡಕ್ಕ ಒಂದು ಕೊಡ ನೀರು ಸುರದೆ. ಎಂಟನೇತ್ತಾದ ಒಬ್ಬ ಹುಡುಗಿ ಬಗ್ಗಿ ಜೋರಾಗಿ ಓದಿದಳು, "ನೂರಾ ಅರವತ್ತೈದು. ವೇ ಚುಕ್ಕಿ ರಾ ಚುಕ್ಕಿ. ಸರ್, ಇದು ನಿಮ್ಮ ಹೆಸರೇನ್ರಿ?"

ಅವನ ಮಾರಿ ಸುಣ್ಣ ಬಳದಂಗ ಆತು. "ನನಗ ನೆನಪಿಲ್ಲ" ಅಂದ, ನೀರು ಕೇಳಿದ. ಗೌತಮಿ ಗ್ಲಾಸ್ ತಂದುಕೊಟ್ಟು, "ನಮ್ಮಪ್ಪ ದತ್ತಪ್ಪ ಪೇಂಟರ್ ಸರ್. ಅಕ್ಷರ ಬರ್ತಾವ" ಅಂದಳು. ಅಂವ ಅರ್ಧಾ ಕುಡದು ಗ್ಲಾಸ್ ತಿರುಗಿ ಕೊಟ್ಟು ಗೇಟಿನ ಕಡಿ ನಡದ. ಪಾಪ ಅನ್ನಿಸ್ತೇನು ಅಂತ ಗುಂಡಮ್ಮ ಕೇಳಿದಳು. ಖರೇ ಹೇಳ್ತೀನಿ, ಇಷ್ಟೂ ಅನ್ನಿಸಲಿಲ್ಲ. ಮನಿಗಿ ಬಂದು ಎರಡು ರೊಟ್ಟಿ ಜಾಸ್ತಿ ಉಂಡೆ.

ಕಲ್ಲು ಈಗ ಶಾಲಿ ಗೇಟಿನ ಬಾಜೂಕ ಅದ, ಬುಡ ಮ್ಯಾಲ ಮಾಡಿ ನಿಲ್ಲಿಸ್ಯಾರ. ಅಫ್ರೀನ್, ನಿನಗ ಒಳ್ಳೇದಾಗಲಿ ತಾಯಿ, ನೀ ಓದಿ ದೊಡ್ಡಾಕಿ ಆಗು. ಚಾಂದೂ, ನಿನಗೂ ಅಲ್ಲಾಹ್ ಆಯುಷ್ಯ ಕೊಡಲಿ, ನೀ ಭಾಳ ದಿನ ಇರಬೇಕು.

ಇಂತಿ ನಿನ್ನ,
ದತ್ತಪ್ಪ ಪೇಂಟರ್

ತಾ.ಕ.: ಆ ಚೀಟಿ ಅವತ್ತು ನಿನ್ನ ಕಿಸೆದಾಗ ಇತ್ತು ಚಾಂದಪಾಶಾ. 165 ಅಂತ ಅವನ ಕೈಯಾಗ ಬರದದ್ದು. ದೊಡ್ಡ ಸಾಹೇಬ್ರು "ಚೀಟಿ ಎಲ್ಲಿ" ಅಂತ ಕೇಳಿದಾಗ ನಿನ್ನ ಕೈ ಕಿಸೆಕ್ಕ ಹೋತು, ನಾ ನೋಡ್ದೆ. ಬೀಡಿ ಕಟ್ಟು ತಗೊಂಡು ಹೊರಗ ಬಂತು. ಮರುದಿನ ನನ್ನ ಬ್ರಷ್ ಹಿಡಕೊಂಡು ಆ ಮೂವತ್ತೆಂಟೂ ಕಲ್ಲಿನ ಮ್ಯಾಲ 150 ಬರದಾಂವ ನೀನೇ. ಆಮ್ಯಾಲ ಹತ್ತು ಸಲ ನಮ್ಮ ಮನ್ಯಾಗ ಉಂಡಿ, ಒಂದು ಸಲಾನೂ ಬಾಯಿ ಬಿಡಲಿಲ್ಲ. ಆ ಸೂಪರ್‌ವೈಜರ್ ನನಗ ಯಾರೂ ಅಲ್ಲ. ನೀ ಗೆಳೆಯ ಇದ್ದಿ. ಫೋನ್ ಮಾಡಿದ್ರ ನೀ ಒಬ್ಬನೇ ಕೇಳತಿದ್ದಿ, ಅದಕ್ಕೇ ಪತ್ರ ಬರದೆ. ಅಫ್ರೀನ್, ಓದೋದು ಮುಗೀತು ಬೇಟಿ. ಈಗ ನಿಮ್ಮ ಅಪ್ಪನ ಮಾರಿ ನೋಡು.