ಹೂ ಬಿಟ್ಟ ಸೆಣಬು

೧೯೬೪ ಜೂನ್ ೧೮, ಹೊಸನಗರ
ಇವತ್ತೂ ಸೈಕಲ್ ಚೈನು ಕಳಚಿತು. ಕೆರಿಯಪ್ಪನ ಮಕ್ಕಿ ಗದ್ದೆ ಮುಟ್ಟುವಾಗ ಹತ್ತು ಗಂಟೆ. ಮಳೆ ನೀರೊಂದೇ ಗತಿ, ಮಣ್ಣಲ್ಲಿ ಸತ್ವವಿಲ್ಲ. ಅದಕ್ಕೇ ಬ್ಲಾಕ್ ಆಫೀಸಿನಿಂದ ಬೀಜ ತಂದು ಸೆಣಬು ಹಾಕಿಸಿದ್ದೆ. ಎದೆಮಟ್ಟ ಬಂದಿದೆ, ಹಳದಿ ಹೂವೂ ಬಿಟ್ಟಿದೆ. ಈಗ ಕೆಸರಿಗೆ ಉತ್ತು ಮುಚ್ಚಿದರೆ ಗೊಬ್ಬರ. ತಡ ಮಾಡಿದರೆ ಬರೀ ಕಡ್ಡಿ.
ಕೆರಿಯಪ್ಪ ಎತ್ತು ಕಟ್ಟಲಿಲ್ಲ.
“ಹೂ ಬಿಟ್ಟ ಗಿಡ ಮಣ್ಣಿಗೆ ಹಾಕಾಕೆ ನನ್ ಕೈಲಿ ಆಗಲ್ಲ ಸ್ವಾಮಿ. ಮನೇಲಿ ಬಸ್ರಿ ಹೆಂಗ್ಸು ಐತೆ.”
ಅವನ ಹೆಂಡತಿ ಗುತ್ಯಮ್ಮನಿಗೆ ದಿನ ತುಂಬಿದೆ. ಬಸುರಿಯ ಗಂಡ ಹೂ ಬಿಟ್ಟದ್ದನ್ನು ಕೊಂದರೆ ಮಗುವಿಗೆ ಕೇಡಂತೆ. ಅಕ್ಕಪಕ್ಕದವರೂ ಒಲ್ಲರು — ಆ ಪಾಪ ತಮಗೇಕೆ ಅಂತ. ಗ್ರಾಮಸೇವಕನ ಟ್ರೈನಿಂಗಿನಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿಲ್ಲ. ಸಿಟ್ಟು ಬಂತು.

ಜೂನ್ ೨೦
ಮತ್ತೆ ಹೋದೆ. ಗುತ್ಯಮ್ಮ ಬಾಗಿಲಿಂದಲೇ, “ನಿಮ್ಮನೇಲಿ ಯಾರೂ ಬಸ್ರಿ ಇಲ್ವಲ್ಲ ಸ್ವಾಮಿ. ನೀವೇ ಹೂಡ್ರಿ,” ಅಂದಳು.
ಇಲ್ಲ. ಮದುವೆಯಾಗಿ ಏಳು ವರ್ಷ — ಇಡೀ ಹೋಬಳಿಗೇ ಗೊತ್ತು. ಪ್ಯಾಂಟು ಮಡಚಿ ಇಳಿದೆ. ಎತ್ತು ಒಂದು ಕಡೆ, ನೇಗಿಲು ಒಂದು ಕಡೆ, ನಾನು ಕೆಸರಲ್ಲಿ. ಬದುವಿನ ಮೇಲೆ ಊರಿಗೆ ಊರೇ ನಿಂತು ನಕ್ಕಿತು. ಸಂಜೆಗೆ ಹೂವೆಲ್ಲ ಮಣ್ಣಡಿ. ಅಂಗೈ ತುಂಬ ಬೊಬ್ಬೆ. ಗೆದ್ದೆ.

ಜೂನ್ ೨೭
ಮೀನಾಕ್ಷಿ ತೀರ್ಥಹಳ್ಳಿಯ ತವರಿನಿಂದ ಬಂದಳು. ಕಾಫಿ ಕೊಟ್ಟು, “ಎರಡು ತಿಂಗಳಾಯ್ತಂತೆ. ಅಮ್ಮ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ರು,” ಅಂದಳು.
ಏಳು ವರ್ಷ ಕಾದ ಮಾತು. ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಿಂತೆ. ಅವತ್ತು ನಮ್ಮನೆಯಲ್ಲೂ ಬಸುರಿ ಇದ್ದಳು…
ಮೂಢನಂಬಿಕೆ ಬಿಡಿ ಅಂತ ಊರೂರಿಗೆ ಹೇಳುವವನು ನಾನೇ. ನೇಗಿಲು ಹಿಡಿದದ್ದನ್ನು ಅವಳಿಗೆ ಮಾತ್ರ ಹೇಳುವುದಿಲ್ಲ.

ಜುಲೈ ೫
ಗುತ್ಯಮ್ಮನಿಗೆ ಗಂಡು. ಇಬ್ಬರೂ ಸುಖ. ಅವಳ ಗಂಡ ನೇಗಿಲು ಮುಟ್ಟಲಿಲ್ಲವಲ್ಲ — ಅನ್ನಿಸಿತು. ಥೂ ನನ್ನ ಬುದ್ಧಿಗೆ.

ಅಕ್ಟೋಬರ್ ೨೧, ಭೂಮಿ ಹುಣ್ಣಿಮೆ
ಪೈರು ಹೊಡೆಯಾಗಿದೆ, ತೆನೆ ಇನ್ನೂ ಒಳಗೇ ಇದೆ. ಭೂಮಿಯೂ ಬಸುರಿ, ಇವತ್ತು ಅವಳಿಗೆ ಬಯಕೆಯ ಊಟ. ಕೆರಿಯಪ್ಪ ಕರೆದಿದ್ದ. ಪಕ್ಕದವರ ಪೈರಿಗಿಂತ ಅವನದು ಗೇಣು ಎತ್ತರ. ಸಂತೋಷಪಡಬೇಕಿತ್ತು. ನಾನು ಗದ್ದೆಗೆ ಅನ್ನ ಎರಚುತ್ತಲೇ ಇದ್ದೆ.
“ಸಾಕು ಸ್ವಾಮಿ, ಅವ್ಳಿಗೆ ಅಜೀರ್ಣ ಆಗ್ತೈತೆ,” ಅಂದ ಕೆರಿಯಪ್ಪ.

೧೯೬೫ ಫೆಬ್ರವರಿ ೩, ತೀರ್ಥಹಳ್ಳಿ ಆಸ್ಪತ್ರೆ
ಹೆಣ್ಣು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂದರು ನರ್ಸಮ್ಮ. ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಅತ್ತೆಯವರು ನೋಡಿದರು. ನೋಡಲಿ.

ಫೆಬ್ರವರಿ ೪
ಮೀನಾಕ್ಷಿಗೆ ಎಲ್ಲ ಹೇಳಿದೆ — ಸೆಣಬು, ನೇಗಿಲು, ನನ್ನ ಭಯ.
“ಗೊತ್ತು,” ಅಂದಳು. “ಆಗ್ಲೇ ಸಂತೇಲಿ ಜನ ಹೇಳ್ಕೊಂಡು ನಗಾಡ್ತಿದ್ರು. ನೀವು ಹೆದರ್ತೀರಿ ಅಂತ ಸುಮ್ನಿದ್ದೆ.”
“ನಿಂಗೆ ಹೆದರಿಕೆ ಆಗ್ಲಿಲ್ವಾ?”
“ದಿನಾ ಆಗ್ತಿತ್ತು.”
ಏಳು ತಿಂಗಳು ಒಂದೇ ಸೂರಿನಡಿ, ಒಬ್ಬರಿಗೊಬ್ಬರು ಹೇಳದೆ ಹೆದರಿದೆವು. ಎಷ್ಟು ಹಗುರಾಗಿದೆ ಈಗ. ಈ ಸಲ ಇನ್ನಷ್ಟು ಮನೆಯವರು ಸೆಣಬಿನ ಬೀಜ ಕೇಳಿದ್ದಾರೆ. ಉಳುವುದು ಯಾರು ಅಂತ ಮೊದಲೇ…
ಮಗು ಅಳುತ್ತಿದೆ. ಮುಟ್ಟಲು ಹೆದರಿ ಇಲ್ಲೇ ಕೂತಿದ್ದೇನೆ. “ಎತ್ಕೊಳ್ರಿ, ಏನೂ ಆಗಲ್ಲ,” ಅನ್ನುತ್ತಿದ್ದಾಳೆ. ಪೆನ್ನು ಇಟ್ಟು…