ಡ್ರಮ್ಮಿನೊಳಗಿನ ಕೌದಿ

ಮುಲುಂಡ್ ಪಶ್ಚಿಮ, ಮುಂಬೈ
ಗುರುವಾರ, 6 ಫೆಬ್ರುವರಿ 2025

ನನ್ನವ್ವಾ ದಾನೂ,

ನಿನ್ನ ಕೆಮ್ಮು ಕಡಿಮೆ ಆಯಿತೇ? ಹೋದ ವಾರ ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಜಾಸ್ತಿ ಕೇಳಿಸಿತು. ಆ ಗೋವಾದ ಹೋಟೆಲಿನವರು ಸಮುದ್ರದ ಗಾಳಿಗೆ ಕೂಡಿಸಿ ಬಾರಿಸಲು ಹಚ್ಚುತ್ತಾರೆ. ಕಿವಿಗೆ ಅರಿವೆ ಕಟ್ಟಿಕೋ ಅಂದರೆ, ಡ್ರಮ್ ಬಾರಿಸುವಾಕಿ ಕಿವಿ ಮುಚ್ಚಿಕೊಂಡರೆ ಹೆಂಗ ಅಪ್ಪಾ ಅಂತ ನಗುತ್ತಿ. ಇರಲಿ, ಅರಿಶಿನ ಹಾಕಿದ ಹಾಲಾದರೂ ಕುಡಿ. ನಾನು ಆರಾಮ ಇದ್ದೇನೆ. ಮೊಣಕಾಲು ಮಾತ್ರ ಲೋಕಲ್ ಹತ್ತುವಾಗ ಅಪೋಸಿಷನ್ ಪಾರ್ಟಿ ಆಗುತ್ತದೆ. ಮೂರು ನಿಮಿಷಕ್ಕಿಂತ ಉದ್ದದ ವಾಯ್ಸ್ ಮೆಸೇಜು ಕಳಿಸಬ್ಯಾಡ್ರಿ ಅಂದಿಯಲ್ಲ, ಅದಕ್ಕೇ ಈ ಕಾಗದ. ಕಾಗದಕ್ಕೆ ಲಿಮಿಟ್ ಇಲ್ಲ.

ವಿಥ್ ರೆಫರೆನ್ಸ್ ಟು ಯುವರ್ ಫೋನ್ ಕಾಲ್, ಡ್ರಮ್ ಸೆಟ್ಟುಗಳ ವಿಷಯ. ನಮ್ಮ ಬಿಲ್ಡಿಂಗು ಕೆಡವಿ ಹೊಸದು ಕಟ್ಟುವುದು ಖರೇ ಆಯಿತು. ಮಾರ್ಚಿಗೆ ಎಲ್ಲರೂ ಖಾಲಿ ಮಾಡಬೇಕು. ಹೊಸದು ಏಳುವ ತನಕ ಇರಲು ಬಾಜೂ ಗಲ್ಲಿಯಲ್ಲಿ ಒಂದೇ ಖೋಲಿಯ ಮನೆ ಹಿಡಿದಿದ್ದೇನೆ. ಕಾಟು, ಕಪಾಟು ಇಟ್ಟ ಮೇಲೆ ಒಂದು ಸೆಟ್ಟಿಗಷ್ಟೇ ಜಾಗ ಉಳಿಯುತ್ತದೆ. ನೀನು ಬಿಟ್ಟುಹೋದವು ಮೂರು. "ಎಲೆಕ್ಟ್ರಾನಿಕ್ ಇಡ್ರಿ ಅಪ್ಪಾ, ಉಳಿದವೆರಡೂ ಕೊಟ್ಟುಬಿಡ್ರಿ" ಅಂತ ನೀನು ಒಂದೇ ಉಸಿರಿನಲ್ಲಿ ಮುಗಿಸಿದಿ. ನಾನು ಫೋರ್ಟಿನ ಆಫೀಸಿನಲ್ಲಿ ಜನ್ಮವಿಡೀ ಬೇರೆಯವರ ನಿರ್ಣಯಗಳನ್ನು ಟೈಪ್ ಮಾಡಿದವನು. ಸ್ವಂತ ನಿರ್ಣಯದ ರೂಢಿ ಇಲ್ಲ. ಮನೆಯಲ್ಲಿ ಅದು ನಿಮ್ಮವ್ವನ ಡಿಪಾರ್ಟ್‌ಮೆಂಟು. ಈಗ ಆ ಡಿಪಾರ್ಟ್‌ಮೆಂಟಿನ ಬಾಗಿಲು ಮುಚ್ಚಿದೆ. ಫೋಟೋದ ಮುಂದೆ ನಿಂತು ಕೇಳಿದೆ, ಕುಂಕುಮ ಹಚ್ಚಿಕೊಂಡು ಸುಮ್ಮನೆ ನನ್ನನ್ನೇ ನೋಡಿದಳು.

ಸಣ್ಣದು ಸುಲಭ ಆಯಿತು. ನೀನು ಮೊದಲು ಕಲಿತ ನೀಲಿ ಸೆಟ್ಟನ್ನು ವಿನೋದಿನಿ ಟೀಚರ್ ತಮ್ಮ ಶಾಲೆಗೆ ಬೇಕೆಂದರು, ಕೊಟ್ಟೆ. ಅದರ ಸ್ಟೂಲು ಮಾತ್ರ ಇಟ್ಟುಕೊಂಡೆ, ಕೂತು ಬೂಟು ಹಾಕಿಕೊಳ್ಳಲು ಅನುಕೂಲ. ದೊಡ್ಡ ಕೆಂಪು ಸೆಟ್ಟು ನೋಡಲು ಸೋಮವಾರ ಕುರ್ಲಾದಿಂದ ನಬೀಸಾಬ ಬಂದಿದ್ದರು. ಮದುವೆ ಬ್ಯಾಂಡಿನವರು, ಮೂಲ ನಮ್ಮ ಆಳಂದದ ಕಡೆಯವರೇ. ಊರಿನ ಮಾತಾಡುತ್ತ ಎರಡು ಸಲ ಚಹಾ ಆಯಿತು. ಆಮೇಲೆ ಕೆಳಗಿನ ದೊಡ್ಡ ಡ್ರಮ್ಮಿನ ಪೆಡಲು ಒತ್ತಿ ಮುಖ ಸಣ್ಣದು ಮಾಡಿದರು. "ಇದಕ್ಕ ನೆಗಡಿ ಆಗೇದಲ್ರೀ ಸಾಹೇಬ್ರ" ಅಂದರು. ಡ್ರಮ್ಮಿನ ಮುಂದೆ ಬಿಗಿದ ಹಾಳೆ ಬಿಚ್ಚಿ ಒಳಗೆ ಕೈ ಹಾಕಿ ಎಳೆದರು, ಎಳೆದಷ್ಟೂ ಬಂತು. "ಅರೆ ಅಲ್ಲಾ, ಒಳಗ ಸಂಸಾರನೇ ಹೂಡೀರಲ್ಲ!" ಅಂತ ನಕ್ಕರು.

ನಿಮ್ಮವ್ವನ ಕೌದಿ, ದಾನೂ. ಆಕೆಯ ಇಳಕಲ್ ಸೀರೆ, ನನ್ನ ಆಫೀಸಿನ ಅಂಗಿ, ನಿನ್ನ ಶಾಲೆಯ ಫ್ರಾಕು, ಎಲ್ಲ ತುಂಡು ಕೂಡಿಸಿ ಹೊಲಿದದ್ದು. ಕೆಳಗಿನ ಮನೆಯ ಸೋನಾಲಿಬಾಯಿ ದಿನಾ ಮೇಲೆ ಬಂದು ಜಗಳ ತೆಗೆಯುತ್ತಿದ್ದರಲ್ಲ, ಆಗ ನಿಮ್ಮವ್ವ "ನನ್ನ ಮಗಳೂ ಬಾರಿಸಲಿ, ಆಕಿನೂ ನಿದ್ದಿ ಮಾಡಲಿ" ಅಂತ ಅದನ್ನು ಡ್ರಮ್ಮಿನೊಳಗೆ ತುರುಕಿದ್ದಳು. ಬಾಣಂತಿಗೆ ಹೊದಿಸಬೇಕಾದ ಕೌದಿಯನ್ನು ಡ್ರಮ್ಮಿಗೆ ಹೊದಿಸಿದಳು ಅಂತ ಊರಿನಿಂದ ಬಂದ ಮಲ್ಲವ್ವತ್ತಿ ಎಷ್ಟು ಆಡಿಕೊಂಡಿದ್ದಳು! ನಬೀಸಾಬ ಕೌದಿಯನ್ನು ನನ್ನ ತೊಡೆಯ ಮೇಲೆ ಇಟ್ಟು, ಹಾಳೆ ಬಿಗಿದು, ಪೆಡಲು ಮತ್ತೆ ಒತ್ತಿದರು. ಧಡಂ! ಅಡಿಗೆಮನೆಯ ಭಾಂಡೆಗಳೆಲ್ಲ ಒಮ್ಮೆ ಅಲ್ಲಾಡಿದವು. ನಬೀಸಾಬರಿಗೆ ಖುಷಿಯೋ ಖುಷಿ, ಬಾರಿಸಿದರು ಬಾರಿಸಿದರು. ಬೆಲ್ ಆಯಿತು. ಬಾಗಿಲು ತೆರೆದರೆ ಕಣಕ ಹತ್ತಿದ ಕೈಯಲ್ಲಿ ಸೋನಾಲಿಬಾಯಿ. ಬೈಯಲು ಬಂದವರ ಮುಖ ಅಲ್ಲ ಅದು. "ಕಾಕಾ, ದಾನೂ ಆಲೀ ಕಾ?" ಅಂದರು. ನೀನು ಬಂದಿಯೇನು ಅಂತ. ನಾನು ಏನೋ ಒಂದು ಹೇಳಿ ಕಳಿಸಿದೆ.

ಆಮೇಲೆ ನಬೀಸಾಬರಿಗೆ, ಕೆಂಪು ಸೆಟ್ಟು ಕೊಡುವುದಿಲ್ಲ, ಎಲೆಕ್ಟ್ರಾನಿಕ್ ಒಯ್ಯಿರಿ ಅಂದುಬಿಟ್ಟೆ. ಅವರು ನನ್ನ ಮುಖ ನೋಡಿ ಹೆಚ್ಚು ಕೇಳಲಿಲ್ಲ, ಟೆಂಪೋ ತರಿಸಿ ಒಯ್ದರು. ಸಿಟ್ಟಾಗಬೇಡ. ಬೆಲೆಬಾಳುವುದು ಅದೇ, ಜಾಗ ಕಡಿಮೆ ಹಿಡಿಯುವುದೂ ಅದೇ, ಒಪ್ಪುತ್ತೇನೆ. ಆನ್ ದಿ ಅದರ್ ಹ್ಯಾಂಡ್... ಕಾಲೇಜಿನಲ್ಲಿ ಇದರ ಮುಂದೆ ಏನೋ ಭಾರಿ ವಾಕ್ಯ ಬರುತ್ತಿತ್ತು, ಮರೆತಿದೆ. ಕನ್ನಡದಲ್ಲೇ ಹೇಳುತ್ತೇನೆ. ಆ ಸೆಟ್ಟಿಗೆ ನೀನು ಹೆಡ್‌ಫೋನ್ ಹಾಕಿಕೊಂಡು ಕೂತರೆ ಹಾಡೆಲ್ಲ ನಿನ್ನ ಕಿವಿಯೊಳಗೇ. ನಮಗೆ ಕೇಳುತ್ತಿದ್ದುದು ರಬ್ಬರಿಗೆ ಕೋಲು ತಾಗುವ ಟಪಟಪ ಅಷ್ಟೇ. ನಿಮ್ಮವ್ವ ಚಪಾತಿ ಲಟ್ಟಿಸುತ್ತ "ಈಕಿ ಮನ್ಯಾಗ ಇದ್ದೂ ಇಲ್ಲದಂಗ" ಅನ್ನುತ್ತಿದ್ದಳು. ಈಗ ನೀನೂ ಇಲ್ಲ, ಆಕೆಯೂ ಇಲ್ಲ. ಸಂಜೆ ಆದರೆ ಫ್ರಿಜ್ಜು ಒಂದೇ ಗುರ್ ಅನ್ನುತ್ತದೆ. ಅದು ನಿಂತಾಗ ಎದ್ದು ಹೋಗಿ ಬಾಗಿಲು ತೆರೆದು ಮುಚ್ಚುತ್ತೇನೆ, ಕೆಟ್ಟಿತೇನೋ ಅಂತ. ಇಂಥ ಮನೆಯಲ್ಲಿ ಸಪ್ಪಳ ಮಾಡದ ಸಾಮಾನು ಇಟ್ಟುಕೊಂಡು ನಾನೇನು ಮಾಡಲವ್ವಾ?

ನಿಮ್ಮವ್ವನ ವರ್ಷದ ಪೂಜೆಗೆ ಬಂದುಹೋದವಳು ನೀನು. ಸೀಜನ್ ಮುಗಿಯಲಿ, ಬರ್ತೀನಿ ಅನ್ನುತ್ತಿ. ಗೋವಾದಲ್ಲಿ ಒಂದು ಸೀಜನ್ ಮುಗಿದರೆ ಇನ್ನೊಂದು ಶುರು ಆಗುತ್ತದೆ ಅಂತ ಕಾಣುತ್ತದೆ. ದೂರು ಅಲ್ಲ ಇದು, ಜಸ್ಟ್ ಅಬ್ಸರ್ವೇಷನ್.

ಊಟ ಬಿಡಬೇಡ. ನಿನ್ನ ಖೋಲಿಯ ಜೊತೆಗಾತಿ ಪ್ರಫುಲ್ಲಾಗೆ ನನ್ನ ಶರಣು ಹೇಳು. ಬಸವಣ್ಣ ನಿನ್ನ ಮಣಿಕಟ್ಟಿಗೆ ಬಲ ಕೊಡಲಿ, ನಿನ್ನ ತಾಳಕ್ಕೆ ತಲೆದೂಗುವ ಮಂದಿ ಎಲ್ಲಿ ಹೋದರೂ ಸಿಗಲಿ.

ನಿನ್ನ ಅಪ್ಪ,
ಶರಣಬಸಪ್ಪ

ತಾ.ಕ.: ಪೋಸ್ಟಿಗೆ ಹೊರಟಿದ್ದೇನೆ, ಅವಸರ. ಸೋನಾಲಿಬಾಯಿ ಕೇಳಿದಾಗ ನನ್ನ ಬಾಯಿಂದ "ಹೋ, ಆಲೀ" ಅಂತ ಬಂದುಬಿಟ್ಟಿತು. ಹೌದು, ಬಂದಾಳೆ ಅಂತ. ಅವರ ಕಣ್ಣು ಅಷ್ಟು ಅರಳಿದ ಮೇಲೆ ಮಾತು ಹಿಂದಕ್ಕೆ ತಗೊಳ್ಳಲು ಆಗಲಿಲ್ಲ. ಅಂದಿನಿಂದ ದಿನಾ ಸಂಜೆ ನಾನೇ ಕೂತು ಪೆಡಲು ಒತ್ತುತ್ತಿದ್ದೇನೆ. ನಿನ್ನೆ ಮೆಟ್ಟಿಲ ಮೇಲೆ ಸಿಕ್ಕು, ದಾನೂನ ತಾಳ ಯಾಕೋ ತಪ್ಪುತ್ತಿದೆ ಅಂದರು. ಹೊಸ ನಮೂನೆ ಕಲಿಯುತ್ತಿದ್ದಾಳೆ ಅಂದೆ. ಬರುವ ರವಿವಾರ ಬಿಟ್ಟು ಅದರ ಮುಂದಿನ ರವಿವಾರ ನಿನ್ನನ್ನು ನೋಡಲು ಪುರಣಪೋಳಿ ಮಾಡಿಕೊಂಡು ಬರುತ್ತಾರಂತೆ. ಶನಿವಾರ ಮಡಗಾಂವದಲ್ಲಿ ಕೊಂಕಣಕನ್ಯಾ ಹತ್ತಿದರೆ ನಸುಕಿಗೆ ಠಾಣೆಯಲ್ಲಿ ಇಳಿಯಬಹುದು, ನಾನು ಪ್ಲಾಟ್‌ಫಾರ್ಮಿನಲ್ಲೇ ನಿಂತಿರುತ್ತೇನೆ. ನೀನು ಬಾರಿಸಲೇಬೇಕಂತ ಇಲ್ಲವ್ವಾ. ಅವರು ಬೆಲ್ ಒತ್ತಿದಾಗ ಬಾಗಿಲು ನೀನು ತೆರೆ, ಅಷ್ಟು ಸಾಕು.